ಗುಡುಗು ಗಸ್ ಮತ್ತು ನನ್ನ ಭಾವಮೈದ

ನನ್ನ ಹೆಂಡತಿ ಹುಲ್ಡಾ ನಾನು ಬರೆದದ್ದನ್ನು ಓದಿ ನಗುವುದಿಲ್ಲ. ಟೊಲೀಡೊ ಊರೆಲ್ಲ ನಗುತ್ತದೆ. ಕ್ಷೌರದಂಗಡಿಯಲ್ಲಿ ಒಬ್ಬ ನಕ್ಕು ಅಲುಗಾಡಿದ್ದಕ್ಕೆ ಅವನ ಅರ್ಧ ಮೀಸೆಯೇ ಹೋಯಿತೆಂದು ಕೇಳಿದ್ದೇನೆ. ನಗುತ್ತ ಕೂತು ತಮ್ಮ ಮನೆ ದಾಟಿ ಟ್ರಾಮಿನ ಕೊನೇ ನಿಲ್ದಾಣ ಸೇರಿದವರಿದ್ದಾರೆ. ಇವಳು ಮಾತ್ರ ಕೊನೆಯ ಸಾಲಿನವರೆಗೂ ಓದಿ, ಪತ್ರಿಕೆಯನ್ನು ನೀಟಾಗಿ ಮಡಿಸಿ, ಒಲೆ ಹೊತ್ತಿಸಲು ಎತ್ತಿಡುತ್ತಾಳೆ.

ನಾನು ಎಲ್ಮರ್ ಪ್ರೂಯಿಟ್. ಪತ್ರಿಕೆಗೆ ಬೇಸ್‌ಬಾಲ್ ವರದಿ ಬರೆಯುವವನು, ಶನಿವಾರಕ್ಕೊಂದು ನಗೆಗತೆ. ಅದರ ನಾಯಕ ಗುಡುಗು ಗಸ್ ಎಂಬ ಚೆಂಡೆಸೆಗಾರ. ಆಡಿದ ಆಟವನ್ನೆಲ್ಲ ಸೋಲುತ್ತಾನೆ, ಆದರೆ ಒಂದು ಸೋಲೂ ಅವನದಲ್ಲ. ಒಮ್ಮೆ ತಪ್ಪು ಸೂರ್ಯನದು, ಒಮ್ಮೆ ಅಂಪೈರಿನದು, ಒಮ್ಮೆ ಬೆಳಿಗ್ಗೆ ತಿಂದ ಈರುಳ್ಳಿಯದು. ಇಂಥ ಮಹಾಪುರುಷನನ್ನು ಸೃಷ್ಟಿಸಲು ನಾನೇನೂ ತಪಸ್ಸು ಮಾಡಲಿಲ್ಲ. ಅವನು ಭಾನುವಾರ ಭಾನುವಾರ ನಮ್ಮನೆಗೇ ಊಟಕ್ಕೆ ಬರುತ್ತಾನೆ. ಹುಲ್ಡಾಳ ಖಾಸಾ ತಮ್ಮ ಒಟ್ಟೊ ಬ್ರೆನೆಕೆ, ಮಾಂಸದಂಗಡಿಯ ಮಾಲೀಕ, ಚರ್ಚಿನ ತಂಡದ ಚೆಂಡೆಸೆಗಾರ. (ತೂಕದಲ್ಲಾಗಲಿ ಮಾತಿನಲ್ಲಾಗಲಿ ಚಿಲ್ಲರೆ ಆಳಲ್ಲ, ಪೂರಾ ಸಗಟು.)

"ರೀ, ನನ್ನ ತಮ್ಮನ್ನ ಊರ ಮುಂದೆ ಕೋತಿ ಕುಣಿಸಿದ ಹಾಗೆ ಕುಣಿಸ್ತಿದ್ದೀರಿ. ಅವನಿಗೆ ಗೊತ್ತಾದ್ರೆ?" ಎಂದಳು ಹುಲ್ಡಾ, ಈರುಳ್ಳಿ ಕಥೆ ಅಚ್ಚಾದ ಶನಿವಾರ.

"ತನ್ನ ಗುರುತು ತಾನೇ ಹಿಡಿಯೋಷ್ಟು ಬುದ್ಧಿ ಇದ್ದಿದ್ರೆ ಅವನ್ಯಾಕೆ ಗಸ್ ಆಗ್ತಿದ್ದ?"

"ಅವನ ಕೈಲಿ ದಿನಾ ಮಾಂಸ ಕಡಿಯೋ ಕತ್ತಿ ಇರುತ್ತೆ. ಅಷ್ಟು ನೆನಪಿಟ್ಕೊಳಿ."

ಮರುದಿನ ಭಾನುವಾರ ನದೀ ದಂಡೆಯಲ್ಲಿ ಚರ್ಚಿನವರ ವನಭೋಜನ. ನಮ್ಮ ಸಂಪಾದಕ ಹ್ಯಾಗರ್ಟಿಯವರೂ ಬಂದಿದ್ದರು. ನಾನು ಆಲೂಗಡ್ಡೆ ಸಲಾಡು ಬಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದ ಒಟ್ಟೊ ಹುಲ್ಲಿನ ಮೇಲೆ ದಬದಬ ಬರುವುದು ಕಂಡಿತು.

"ಭಾವಾ!"

ನಾನು ಮೇಜಿನ ಆಚೆ ಬದಿಗೆ ಸರಿದೆ. (ಹೆದರಿ ಅಲ್ಲ. ಆ ಕಡೆ ನೆರಳಿತ್ತು.) ಒಟ್ಟೊ ಮೇಜು ಸುತ್ತಿ ಬಂದು, ಎರಡು ಕೈಯಲ್ಲೂ ನನ್ನನ್ನು ಬಾಚಿ ಎತ್ತಿದ.

"ಗಸ್ ಅಂದ್ರೆ ನಾನೇ ಅಂತ ಒಂದ್ಮಾತು ಹೇಳ್ಬಾರ್ದಾ ಭಾವ! ಅಂಗಡಿ ಮುಂದೆ ಬೋರ್ಡೇ ಬರೆಸ್ತಿದ್ದೆ! ಆದ್ರೆ ಆ ಈರುಳ್ಳಿ ವಿಷಯ ಇದೆಯಲ್ಲ, ನೀವು ಪೂರ್ತಿ ಕೆಡಿಸಿಬಿಟ್ಟಿದ್ದೀರಿ."

ನನ್ನನ್ನು ಕೆಳಗಿಳಿಸಿ, ತಾನು ಬೆಂಚು ಹತ್ತಿ ನಿಂತ.

"ಕೇಳ್ರಪ್ಪ ಎಲ್ರೂ! ಬ್ಯಾಟು ಹಿಡಿದೋನು ಹೆದರ್ಲಿ ಅಂತ ನಾನೇ ಬೇಕಂತ ಹಸಿ ಈರುಳ್ಳಿ ತಿಂದು ಹೋಗಿದ್ದೆ. ನನ್ನ ಹಣೆಬರಹ, ಗಾಳಿ ತಿರುಗ್ತು. ನಮ್ಮ ತಂಡದೋರೇ ಒಬ್ಬೊಬ್ರಾಗಿ ದೂರ ಸರಿಯೋಕೆ ಶುರು ಮಾಡಿದ್ರು. ಚೆಂಡು ಹಿಡಿಯೋನಂತೂ ಓಡಿ ನದೀಲಿ ಮುಖ ತೊಳೀತಿದ್ದ. ನಾನು ಎಸೆದ ಚೆಂಡು ಸೀದಾ ಹೋಗಿ ಪಾದ್ರಿಗಳ ಹೆಂಡ್ತಿ ಮಾಡಿದ ಸೇಬಿನ ಕಡುಬಿನೊಳಗೆ ಕೂತ್ಕೊಂಡ್ತು. ಅಂಪೈರು ಮೂಗು ಮುಚ್ಕೊಂಡು 'ಔಟ್!' ಅಂದ. 'ಯಾರು ಸ್ವಾಮೀ?' ಅಂದೆ. 'ನಾನು' ಅಂದು ಮನೆಗೆ ಹೋದ!"

ಪಾದ್ರಿಗಳು ನಕ್ಕರು. ಕಡುಬು ಕಳೆದುಕೊಂಡ ಅವರ ಹೆಂಡತಿ ಇನ್ನೂ ಜೋರಾಗಿ ನಕ್ಕರು. ಹ್ಯಾಗರ್ಟಿಯವರು ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಕುಲುಕಿದರು. ಪಕ್ಕಕ್ಕೆ ತಿರುಗಿ ನೋಡುತ್ತೇನೆ: ಹುಲ್ಡಾ ಹುಲ್ಲಿನ ಮೇಲೆ ಕುಸಿದು ಕೂತಿದ್ದಾಳೆ, ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ!

"ಏನೇ ಇದು? ಇದೇ ಕಥೇನ ನಿನ್ನೆ ಓದಿದೆಯಲ್ಲ!"

"ಓದಿದೆ ರೀ," ಎಂದಳು ಬಿಕ್ಕುತ್ತ. "ನಗೋ ಕಥೆ ಅಂತ ಈಗ ಗೊತ್ತಾಯ್ತು."

ಹ್ಯಾಗರ್ಟಿಯವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಪ್ರೂಯಿಟ್, ಇನ್ಮೇಲೆ ಒಟ್ಟೊ ಹೇಳ್ಲಿ, ನೀವು ಟೈಪ್ ಮಾಡಿ. ನಿಮ್ಮ ಕಾಗುಣಿತ ತುಂಬಾ ಚೆನ್ನಾಗಿದೆ."

ನನಗೆ ಅವಮಾನವಾಯಿತೆಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ದೊಡ್ಡ ಕಲಾವಿದರಿಗೆಲ್ಲ ಸಹಾಯಕರಿರುತ್ತಾರೆ. ಇಲ್ಲಿ ಯಾರಿಗೆ ಯಾರು ಸಹಾಯಕ ಎಂಬುದನ್ನು ಚರಿತ್ರೆ ತೀರ್ಮಾನಿಸಲಿ.

ಮರುದಿನ ಸಂಜೆ ಅಂಗಡಿ ಮುಚ್ಚಿದವನೇ ಒಟ್ಟೊ ನಮ್ಮ ಊಟದ ಮನೆಗೆ ಬಂದು, ನನ್ನ ಕುರ್ಚಿಯಲ್ಲಿ ಕೂತ. ನಾನು ಸ್ಟೂಲಿನಲ್ಲಿ ಕೂತು ಟೈಪ್‌ರೈಟರಿಗೆ ಹಾಳೆ ಏರಿಸಿದೆ.

"ಈ ಸಲ ಗಸ್ ಬೇಡ ಭಾವ. ಹೊಸಬನ್ನ ತಂದಿದ್ದೀನಿ. ಬರ್ಕೊಳಿ: ಒಂದೂರಲ್ಲಿ ಒಬ್ಬ ಪತ್ರಿಕೆಯೋನು. ಜನ್ಮದಲ್ಲಿ ಬ್ಯಾಟು ಮುಟ್ಟಿದೋನಲ್ಲ, ಆಡೋರಿಗೆಲ್ಲ ಕೂತಲ್ಲಿಂದ್ಲೇ ಬುದ್ಧಿ ಹೇಳೋನು. ಬೋಳುತಲೆ."

ನನ್ನ ಬೆರಳು ನಿಂತಿತು. "ಯಾರೋ ಇವನು?"

ಅಡುಗೆಮನೆಯಿಂದ ಹುಲ್ಡಾ ಕೂಗಿದಳು: "ಒಟ್ಟೊ, ಇಲಿ ಕಂಡು ಪಿಯಾನೊ ಹತ್ತಿದ್ದನ್ನ ಮರೀಬೇಡ್ವೋ!"

"ಅದು ಎರಡನೇ ಪುಟಕ್ಕೆ, ಅಕ್ಕಾ!"

ನಾನು ವೃತ್ತಿಧರ್ಮ ಬಿಡುವವನಲ್ಲ. ಹೇಳಿದ್ದನ್ನೆಲ್ಲ ಹೊಡೆದೆ. 'ಬೋಳುತಲೆ' ಎಂಬಲ್ಲಿ ಮಾತ್ರ, ಸಂಪಾದಕೀಯ ವಿವೇಚನೆ ಬಳಸಿ, ಸದ್ದಿಲ್ಲದೆ 'ವಿಶಾಲವಾದ ಹಣೆ' ಎಂದು ತಿದ್ದಿದೆ.

ಕಾಫಿ ತಂದ ಹುಲ್ಡಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಇದು ಪೂರ್ತಿಯಾಗ್ಲಿಲ್ಲ ರೀ," ಎಂದಳು. "ಹಣೆ ಎಲ್ಲಿವರೆಗೆ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು? 'ಕತ್ತಿನ ಹಿಂಭಾಗದವರೆಗೆ' ಅಂತ ಸೇರಿಸಿ."

ಸೇರಿಸಿದೆ.