ಎಲ್ಲಿದೆ ಈ ಬಯಲು?

ತಗಡಿನ ಛಾವಣಿಯನ್ನು ಕೆರೆ ಎಂದು ಬರೆದದ್ದೇ ಎಲ್ಲ ಅನಾಹುತಕ್ಕೂ ಮೂಲ. ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಇದು ಊರು, ಇದು ಕಾಡು, ಇದು ಹೊಳೆ ಎಂದು ಗುರುತು ಹಾಕುವುದು ಅವನ ಕೆಲಸ. ಯಾವುದೋ ಗೋದಾಮಿನ ನೀಲಿ ತಗಡು ಅವನ ಕಣ್ಣಿಗೆ ನೀರಾಗಿ ಕಂಡಿತ್ತು. ಅದನ್ನು ನಂಬಿ ಮೀನುಗಾರಿಕೆಯವರು ಲಾರಿ ತುಂಬ ಮೀನುಮರಿ ತಂದು, ಗೋದಾಮಿನ ಕಾವಲುಗಾರನಿಂದ ಬೈಸಿಕೊಂಡು ಹೋಗಿದ್ದರು.

ಬೆಳಿಗ್ಗೆ ಕಚೇರಿಗೆ ಬಂದರೆ ಅವನ ಮೇಜಿನ ಮೇಲೊಂದು ಗಾಳ.

"ಯಾರ್ರೀ ಇದನ್ನ ಇಟ್ಟೋರು?" ಎಂದು ಗುಡುಗಿದ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ. ಕಚೇರಿಯಲ್ಲಿ ಅವನ ಹೆಸರೇ ದೂರ್ವಾಸ.

"ಕೆರೆ ತೋಡಿದೋರು ಮೀನೂ ಹಿಡೀಬೇಕಲ್ವಾ ಸ್ವಾಮಿ?" ಎಂದ ನಕಾಶೆಗಾರ.

"ಇನ್ನೊಂದ್ಸಲ ಕೆರೆ ಅಂದ್ರೆ ನಿಮ್ಮನ್ನೇ ಮುಳುಗಿಸ್ತೀನಿ!"

"ಎಲ್ಲಿ? ತಗಡಿನ ಮೇಲಾ?"

ಎಲ್ಲರೂ ಗೊಳ್ಳೆಂದರು. ದೂರ್ವಾಸ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದ. "ಯಾವ ಚಿತ್ರ ಬೇಕಾದ್ರೂ ತನ್ನಿ! ಸಂಜೆಯೊಳಗೆ ಅದರ ಜಾತಕ ಬರೀತೀನಿ!"

ಸ್ವಲ್ಪ ಹೊತ್ತಿಗೆ ನಕಾಶೆಗಾರ ಮಸುಕಾದ ಚಿತ್ರವೊಂದನ್ನು ತಂದಿಟ್ಟ. "ಈಗ ತಾನೇ ಬಂತು. ಯಾವ ಜಾಗ ಅಂತ ಯಾರಿಗೂ ಗೊತ್ತಿಲ್ಲ." ನಡುವೆ ಕಂದು ಬಣ್ಣದ ನುಣುಪು ಬಯಲು, ಸುತ್ತ ಕುರುಚಲು, ಒಂದು ಕಡೆ ಅಂಕುಡೊಂಕು ಸೀಳು.

ದೂರ್ವಾಸ ಭೂತಗನ್ನಡಿ ಹಿಡಿದು ಕೂತ. ಊಟಕ್ಕೆ ಕರೆದವರಿಗೆ ಬೈದ. ಫ್ಯಾನಿಗೂ ಬೈದ. "ಉಪ್ಪಿನ ಬಯಲಿರ್ಬೇಕು" ಎಂದು ಇಣುಕಿದ ಲೆಕ್ಕಿಗನಿಗೆ, "ನಿಮ್ಮ ತಲೆ!" ಎಂದು ರೇಗಿದ. ಆ ಮಾತಿಗೆ ನಕಾಶೆಗಾರನಿಗೆ ಯಾಕೋ ವಿಪರೀತ ಕೆಮ್ಮು ಬಂತು.

ಸಂಜೆ ದೂರ್ವಾಸ ನೇರ ಸಾಹೇಬರ ಕೋಣೆಗೆ ನುಗ್ಗಿ, ಹೊರಗಿನವರಿಗೂ ಕೇಳಲೆಂದು ಗಟ್ಟಿಯಾಗಿ ಓದಿದ: "ಸಂಪೂರ್ಣ ಬರಡು. ಏನು ಮಾಡಿದರೂ ಇಲ್ಲಿ ಒಂದು ಎಳೆ ಹುಲ್ಲೂ ಹುಟ್ಟುವುದಿಲ್ಲ. ಅಂಚಿನ ಕುರುಚಲೂ ಹಿಂದೆ ಸರಿಯುತ್ತಿದೆ. ಒಳಗೆ ಟೊಳ್ಳಿರುವ ಲಕ್ಷಣವಿದೆ."

"ಭೇಷ್!" ಎಂದರು ಸಾಹೇಬರು. "ಬರೆದ್ರೆ ಹೀಗೆ ಬರೀಬೇಕು. ಈ ಜಾಗ ಇರೋದೆಲ್ಲಿ?"

"ಅದೊಂದು ಗೊತ್ತಾಗ್ಲಿಲ್ಲ ಸಾರ್."

"ಹಾಗಾದ್ರೆ ನೀವೇ ಹೋಗಿ ಹುಡುಕಿ. ಸಿಗೋವರೆಗೂ ಈ ಕಡೆ ತಲೆ ಹಾಕ್ಬೇಡಿ."

ಸೆಖೆಗೆ ಟೋಪಿ ತೆಗೆದು ಪಕ್ಕಕ್ಕಿಟ್ಟು, ಸಾಹೇಬರು ಬಗ್ಗಿ ಆದೇಶ ಬರೆಯತೊಡಗಿದರು.

ಎದುರು ನಿಂತಿದ್ದ ದೂರ್ವಾಸ ಕೆಳಗೆ ನೋಡಿದ. ನುಣುಪು ಬಯಲು. ಸುತ್ತ ಕುರುಚಲು. ಎಡಗಿವಿಯ ಮೇಲೆ ಹಳೆಯ ಹೊಲಿಗೆಯ ಅಂಕುಡೊಂಕು ಗುರುತು. ಅಂಗಳದ ನಲ್ಲಿಯಲ್ಲಿ ಸಾಹೇಬರು ಮುಖ ತೊಳೆಯುವಾಗ ಮಹಡಿಯ ಮೇಲಿಂದ ಈ ಚಿತ್ರ ತೆಗೆದವರು ಯಾರೆಂದು ಅವನಿಗೆ ಹೊಳೆಯಿತು. ಕಿಟಕಿಯಾಚೆ ನಕಾಶೆಗಾರ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಿಂತಿದ್ದ.

ದೂರ್ವಾಸನ ರಕ್ತ ಕುದಿಯಿತು. ಮುಷ್ಟಿ ಬಿಗಿಯಿತು.

"ಯಾಕ್ರೀ ಹಲ್ಲು ಕಡೀತಿದ್ದೀರಿ?" ಸಾಹೇಬರು ತಲೆಯೆತ್ತಿದರು. "ಜಾಗ ಗೊತ್ತಾಯ್ತಾ?"

"ಇಲ್ಲ ಸಾರ್," ಎಂದ ದೂರ್ವಾಸ, ಆದೇಶ ಇಸಿದುಕೊಳ್ಳುತ್ತ. "ತುಂಬಾ ದೂರ ಇರ್ಬೇಕು. ನಾಳೆನೇ ಹೊರಡ್ತೀನಿ."