ತೋಳಿಲ್ಲದ ಅಂಗಿ

ಹೊಸಪೇಟೆಯ ಕಿವುಡ ಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾಕಿ ಇದ್ದ ಒಂದು ಅಂಗಿಗೆ ಹೋದ ತಿಂಗಳು ತೋಳು ಹಚ್ಚಲಾಗಿದೆ ಎಂಬ ಗಂಭೀರ ಸುದ್ದಿಯನ್ನು ಮೊದಲು ತಿಳಿಸಬೇಕು. ಅಲ್ಲಿ ಗುಮಾಸ್ತನಾದ ನನಗೆ ಇಂಥವು ಹೊಸದಲ್ಲ. ಗಂಟೆ ಕೆಟ್ಟರೆ ತುರ್ತು ರಿಪೇರಿಗೆ ಆದೇಶ ಬರುವ ಶಾಲೆ ನಮ್ಮದು.

೧. ನೇಮಕ

ಆಗ ಮಕ್ಕಳು ತುಟಿ ನೋಡಿಯೇ ಮಾತು ಕಲಿಯಬೇಕಿತ್ತು. ಸನ್ನೆ ಮಾಡಬಾರದೆಂದು ಪಾಠದ ಹೊತ್ತಿನಲ್ಲಿ ಕೈಗಳು ಬೆನ್ನ ಹಿಂದೆ. ಹುಟ್ಟು ಕಿವುಡರಾದ ಮಾಸ್ತರೊಬ್ಬರು ಪಾಠ ಹೇಳುತ್ತೇನೆಂದು ಅರ್ಜಿ ಹಾಕಿದರು. ಈ ಸೀಮೆಗೆ ಅಂಥ ಅರ್ಜಿ ಅದೇ ಮೊದಲು. ಸಮಿತಿ ನಕ್ಕು, ಖಾಲಿ ಇದ್ದ ಹೊಲಿಗೆ ಶಿಕ್ಷಕರ ಹುದ್ದೆ ಕೊಟ್ಟಿತು. ಹೊಲಿಗೆ ಪಿರಿಯಡ್ಡಿನಲ್ಲಿ ಮಾತ್ರ ಮಕ್ಕಳು ಕೈ ಮುಂದೆ ತರಬಹುದಿತ್ತು. ಮಾಸ್ತರಿಗೆ ಬೇಕಾದದ್ದೂ ಅಷ್ಟೇ. ಹೊಲಿಗೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಬರುತ್ತಿರಲಿಲ್ಲ.

೨. ಹೆಸರು

ಮೆಟ್ರಿ ಹಳ್ಳಿಯ ರೈತನೊಬ್ಬ ಏಳು ವರ್ಷದ ಮಗಳನ್ನು ಕರೆತಂದ. ರಿಜಿಸ್ಟರಿಗೆ ಹೆಸರು ಕೇಳಿದೆ.

"ಹೆಸರು ಐತ್ರಿ. ಆದ್ರ ಆಕಿಗೆ ಗೊತ್ತಿಲ್ರಿ."

ಮಾಸ್ತರು ಅವಳ ಹುಬ್ಬಿನ ಮೇಲಿದ್ದ ಹಳೆಯ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿ, ಇದೇ ನಿನ್ನ ಹೆಸರು ಎಂದು ಸನ್ನೆ ಮಾಡಿದರು. ಹುಡುಗಿ ಸಂಜೆವರೆಗೂ ಹುಬ್ಬು ಮುಟ್ಟಿಕೊಳ್ಳುತ್ತ ತಿರುಗಿದಳು. ಮುಂದೆ ಹೊಲಿಗೆ ಪಿರಿಯಡ್ಡಿನಲ್ಲಿ ಲೆಕ್ಕ, ಇತಿಹಾಸ, ಭೂಗೋಳ ಎಲ್ಲ ಸನ್ನೆಯಲ್ಲೇ ಕಲಿತಳು. ಗಣಿಗಳ ಊರು ಸಂಡೂರು ಎಂದರೆ ಭುಜದ ಧೂಳು ಕೊಡವುವುದು. ಹಂಪಿ ಎಂದರೆ ಕತ್ತೆತ್ತಿ ಬಾಯಿ ತೆರೆಯುವುದು.

ವರ್ಷ ತುಂಬುವುದರೊಳಗೆ ಅಪ್ಪ ದೂರು ತಂದ. "ಭಾಳ ಮಾತಾಡ್ತಾಳ್ರಿ. ಉಣ್ಣಾಕೂ ಕೈ ಖಾಲಿ ಇರಂಗಿಲ್ಲ."

೩. ತಪಾಸಣೆ

ಒಮ್ಮೆ ಬಂದ ತಪಾಸಣೆ ಸಾಹೇಬರು, ಇಷ್ಟು ವರ್ಷದಲ್ಲಿ ಹೊಲಿದದ್ದನ್ನು ತೋರಿಸಿ ಎಂದರು. ಬೀರುವಿನಲ್ಲಿ ಒಂದೇ ಅಂಗಿಯಿತ್ತು, ಮಾಸ್ತರು ಹೇಗೋ ಸೊಟ್ಟಗೆ ಹೊಲಿದದ್ದು. ತೋಳೆಲ್ಲಿ ಎಂದು ಸಾಹೇಬರು ಕೇಳಿದರು. ಮಾಸ್ತರು ಸ್ಲೇಟಿನ ಮೇಲೆ ಬರೆದರು: 'ಕಾರ್ಯ ಪ್ರಗತಿಯಲ್ಲಿದೆ.' ಪರಿಚಿತ ಭಾಷೆ ಕಂಡು ಸಾಹೇಬರು ಸಮಾಧಾನದಿಂದ ಸಹಿ ಹಾಕಿದರು. ಮುಂದಿನ ತಪಾಸಣೆಗಳಿಗೆಲ್ಲ ಅದೇ ಅಂಗಿ, ಅದೇ ಪ್ರಗತಿ.

೪. ಮೌನ

ಹೋದ ವರ್ಷ ಮಾಸ್ತರು ತೀರಿಕೊಂಡರು. ಎರಡು ನಿಮಿಷ ಕಣ್ಣು ಮುಚ್ಚಿ ಮೌನ ಆಚರಿಸಬೇಕೆಂದು ಅಧ್ಯಕ್ಷರು ಬೋರ್ಡಿನ ಮೇಲೆ ಬರೆಸಿದ್ದರು. ಎರಡು ನಿಮಿಷಕ್ಕೆ ಸರಿಯಾಗಿ ಮೈಕಿನಲ್ಲಿ, "ಸಾಕು, ಕುಂದ್ರಿ" ಎಂದರು. ನಾವು ಕೂತೆವು. ಅಧ್ಯಕ್ಷರು ಭಾಷಣ ಮುಗಿಸಿದರು. ಮಕ್ಕಳು ಇನ್ನೂ ಕಣ್ಣು ಮುಚ್ಚಿ ನಿಂತಿದ್ದರು. ಅಂಥ ಹೊತ್ತಿನಲ್ಲಿ ಭುಜ ಮುಟ್ಟಿ ಹೇಳುತ್ತಿದ್ದವರು ಹಾರ ಹಾಕಿದ ಫೋಟೊದಲ್ಲಿದ್ದರು.

೫. ಸಂದರ್ಶನ

ತಮ್ಮ ಜಾಗಕ್ಕೆ ಮೆಟ್ರಿಯ ಹುಡುಗಿ ಬರಬೇಕೆಂಬುದು ಮಾಸ್ತರ ಒಂದೇ ಆಸೆಯಾಗಿತ್ತು. ಈಗ ದೊಡ್ಡವಳಾದ ಅವಳು ಅರ್ಜಿ ಹಾಕಿದಳು. ಕಾಲ ಬದಲಾಗಿದೆ, ಸನ್ನೆಗೆ ಈಗ ಅಡ್ಡಿಯಿಲ್ಲ. ಕಿವುಡರಿಗೆ ಕಿವುಡರೇ ಕಲಿಸುವುದು ಸರಿ ಎಂದು ಸಮಿತಿಯೇ ಹೊಗಳಿತು. ಆಮೇಲೆ ಕಡತ ತೆರೆದರು. ಹುದ್ದೆ: ಹೊಲಿಗೆ ಶಿಕ್ಷಕ. ಮಿಷಿನ್ನು, ಬಟ್ಟೆ ಮುಂದಿಟ್ಟು ಒಂದು ಅಂಗಿ ಹೊಲಿಯಲು ಹೇಳಿದರು.

ಅವಳು ಬಟ್ಟೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕೈ ಎತ್ತಿದಳು. ಮಾಸ್ತರನ್ನು ನೋಡಿ ನೋಡಿ ಸನ್ನೆ ಕಲಿತಿದ್ದ ನಾನು ಅವಳು ಹೇಳಿದ್ದನ್ನು ಸಮಿತಿಗೆ ಬಾಯಿಬಿಟ್ಟು ಹೇಳಿದೆ:

"ಮಾಸ್ತರು ಎಲ್ಲಾ ಕಲಿಸ್ಯಾರ. ಇದೊಂದು ಬಿಟ್ಟು."

ಸಮಿತಿ ಮನಸಾರೆ ನಕ್ಕಿತು.

ಕಂಪ್ಲಿಯ ಒಬ್ಬ ಟೈಲರ್ ಆಯ್ಕೆಯಾದರು. ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಮೊದಲ ದಿನವೇ ಬೀರುವಿನ ಅಂಗಿಗೆ ಎರಡೂ ತೋಳು ಹಚ್ಚಿದರು.