ಎಲ್ಮರ್ ಗೆಲ್ಲಬೇಕಾಗಿದ್ದ ಶನಿವಾರ

ಶನಿವಾರ ಬೆಳಿಗ್ಗೆ ಲೊರೆಟ್ಟಾ ಫೋನ್ ಮಾಡಿ, "ಇವತ್ತು ನೀನೇ ಗೆಲ್ಲೋದು, ಎಲ್ಮರ್" ಎಂದದ್ದೇ ಎಲ್ಲ ರಾದ್ಧಾಂತಕ್ಕೆ ಮೂಲ.

ಪೆನ್ಸಿಲ್ವೇನಿಯಾದ ಆ ಊರಿನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ ಲೊರೆಟ್ಟಾಳ ಗಂಡ ಕುಸ್ತಿ ಕಂಪನಿ ತೆರೆದಿದ್ದ; ಈಗ ಅದನ್ನು ನಡೆಸುವವಳು ಅವಳೇ. ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಕಂಪನಿ ಎಂದು ಅದರ ಹೆಮ್ಮೆ; ದೊಡ್ಡ ಕಂಪನಿಗಳಿಗೆ ಅದು ಇರುವುದೇ ಗೊತ್ತಿರಲಿಲ್ಲ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ವಾರಕ್ಕೊಮ್ಮೆ ಪಂದ್ಯ. ಕಂಪನಿ ಹಲವು ಸಲ ಹೆಸರು ಬದಲಿಸಿತು, ಮುಚ್ಚಿತು, ತೆರೆಯಿತು. ಒಬ್ಬ ಚಾಂಪಿಯನ್ ಗೆದ್ದ ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಂಡೇ ಫ್ಲೋರಿಡಾಕ್ಕೆ ಓಡಿಹೋದ. ಆ ಇತಿಹಾಸದಲ್ಲಿ ಬದಲಾಗದೆ ಉಳಿದದ್ದು ಒಂದೇ: ಎಲ್ಮರ್‌ನ ಸೋಲು. ವಾರವೆಲ್ಲ ಸೂಪರ್‌ಮಾರ್ಕೆಟ್ಟಿನಲ್ಲಿ ಮಾಂಸ ಕತ್ತರಿಸಿ, ಶನಿವಾರ ಸಂಜೆ ತಾನೇ ಮಾಂಸವಾಗುವ ಮನುಷ್ಯ ಅವನು. ಹೊಸಬರು ಬಲಶಾಲಿಗಳಂತೆ ಕಾಣಬೇಕಾದರೆ ಯಾರನ್ನಾದರೂ ಎತ್ತಿ ಎಸೆಯಬೇಕಲ್ಲ.

ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯ. ಅದನ್ನು ಮನೆಯಲ್ಲೂ ಬಾಯಿಬಿಡಬಾರದೆಂಬುದು ಕಸುಬಿನ ವ್ರತ. ಎಲ್ಮರ್ ನಿಷ್ಠೆಯಿಂದ ವ್ರತ ಪಾಲಿಸಿದ್ದರಿಂದ, ಅಳಿಯ ನಿಜಕ್ಕೂ ಅಷ್ಟು ಕೈಲಾಗದವನೆಂದು ಅವನ ಅತ್ತೆ ಬರ್ನೀಸ್ ನಂಬಿದ್ದಳು. ಊಟದ ಹೊತ್ತಿಗೆ ಅದನ್ನು ನೆನಪಿಸುತ್ತಲೂ ಇದ್ದಳು. ಒಂದೇ ಒಂದು ಸಲ ಅವಳ ಕಣ್ಣೆದುರು ಗೆಲ್ಲಬೇಕೆಂಬುದು ಎಲ್ಮರ್‌ನ ಜೀವದಾಸೆ.

"ಅತ್ತೆ, ಸಂಜೆ ನೀವೂ ಬನ್ನಿ. ಇವತ್ತು ನೀವಲ್ಲಿ ಇರ್ಲೇಬೇಕು," ಎಂದು ಮೃದುವಾಗಿ ಕರೆದು ಅವನು ಕೆಲಸಕ್ಕೆ ಹೋದ.

ಎಂದೂ ಕರೆಯದವನು ಕರೆದದ್ದೇ ತಡ, ಬರ್ನೀಸಳಿಗೆ ಅದು ಅಪಶಕುನವೆನಿಸಿತು. ಬೇಲಿಯಾಚೆ ಪಕ್ಕದ ಮನೆಯ ಚೆಸ್ಟರ್ ಹುಲ್ಲು ಕತ್ತರಿಸುತ್ತಿದ್ದ. ಅವನಿಗೆ ಹೇಳಿಕೊಂಡಳು.

"ನಮ್ಮಣ್ಣನೂ ತೀರ್ಕೊಳ್ಳೋ ಮುಂಚೆ ಹೀಗೇ ಎಲ್ಲರ ಹತ್ರ ಒಳ್ಳೇ ಮಾತಾಡಿದ್ದ," ಎಂದ ಚೆಸ್ಟರ್. ಇವತ್ತಿನ ಎದುರಾಳಿ ಬೆಟ್ಟದ ಕರಡಿಯೆಂಬ ರಾಕ್ಷಸನೆಂದೂ ಸೇರಿಸಿದ.

ಎಲ್ಮರ್ ಇವತ್ತು ಉಳಿಯುವುದಿಲ್ಲವೆಂಬ ಸುದ್ದಿ ಚರ್ಚಿನ ನೆಲಮಾಳಿಗೆಗೆ ಹೋಯಿತು. ಅಲ್ಲಿ ಎಲೆಕೋಸಿನ ಸುರುಳಿ ಬೇಯಿಸುತ್ತಿದ್ದ ಹೆಂಗಸರು, ಸಾವಿನ ಮನೆಗೆ ಕೊಡುವ ಹಾಗೆ, ಮುಚ್ಚಿದ ತಪ್ಪಲೆಗಳನ್ನು ಎಲ್ಮರ್‌ನ ಮನೆ ಮೆಟ್ಟಿಲ ಮೇಲೆ ಇಟ್ಟುಹೋದರು. ಪಾದ್ರಿ ಮಾಂಸದ ಅಂಗಡಿಗೆ ಬಂದವರು ಏನನ್ನೂ ಕೊಳ್ಳದೆ ಎಲ್ಮರ್‌ನ ಕೈ ಹಿಡಿದು, "ಇವತ್ತು ದೇವರು ನಿನ್ನ ಜೊತೆಗಿರ್ತಾನೆ" ಎಂದರು. ತಾನು ಗೆಲ್ಲುವ ಗುಟ್ಟು ಇವರಿಗೆ ಹೇಗೆ ತಿಳಿಯಿತೆಂದು ಎಲ್ಮರ್ ಬೆವತ.

ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಅರ್ಧ ಜನ ಕಪ್ಪು ಬಟ್ಟೆಯಲ್ಲಿ ಬಂದಿದ್ದರು. ಬೆಟ್ಟದ ಕರಡಿ, ಅಂದರೆ ಶಾಲಾ ಬಸ್ಸಿನ ಚಾಲಕ ಡ್ವೇನ್, ಒಪ್ಪಂದದಂತೆ ಮೊದಲು ಎಲ್ಮರ್‌ನನ್ನು ತಲೆಯ ಮೇಲೆತ್ತಿ, "ಇವತ್ತು ಇವನ ಕತೆ ಮುಗೀತು" ಎಂದು ಗುಡುಗಿದ.

ಮುಂದಿನ ಸಾಲಿನಲ್ಲಿದ್ದ ಬರ್ನೀಸಳಿಗೆ ಅಷ್ಟೇ ಸಾಕಾಯಿತು. ತಾನು ಕೂತಿದ್ದ ಕಬ್ಬಿಣದ ಕುರ್ಚಿಯನ್ನು ಮಡಚಿ, ಅಖಾಡದ ಹಗ್ಗದಡಿ ತೂರಿ, ಕರಡಿಯ ಬೆನ್ನಿಗೆ ಬೀಸಿದಳು. ಅಲ್ಲಿ ಯಾರೂ ಅಷ್ಟು ಪ್ರಾಮಾಣಿಕವಾಗಿ ಹೊಡೆದದ್ದಿರಲಿಲ್ಲ. ಕರಡಿ ಉರುಳಿತು, ಅದರ ಮೇಲೆ ಎಲ್ಮರ್ ಬಿದ್ದ. ಮೇಲೆ ಬಿದ್ದವನು ಗೆದ್ದನೆಂದು ಸಾರುವ ಮೂರರ ಎಣಿಕೆಗೆ ಅವನು ಕಣ್ಮುಚ್ಚಿ ಕಾದ. ಎಣಿಕೆಗೆ ಮೊದಲೇ ಗಂಟೆ ಹೊಡೆಯಿತು.

ಕುಸ್ತಿ ಸುಳ್ಳಾದರೂ ನಿಯಮ ನಿಜ. ಹೊರಗಿನವರ ಸಹಾಯ ಪಡೆದವನು ಸೋತಂತೆ. ರೆಫರಿ ನಿಷ್ಪಕ್ಷಪಾತಿ, ಎಲ್ಮರ್ ಸೋತನೆಂದು ಸಾರಿದ. ಆದರೆ ಜನ ಎದ್ದು ನಿಂತು ಬರ್ನೀಸಳ ಹೆಸರು ಕೂಗುತ್ತಿದ್ದರು.

ಎಲ್ಮರ್ ಸೊಂಟಕ್ಕೆ ಮಂಜುಗಡ್ಡೆ ಒತ್ತಿಕೊಂಡು ಬಟ್ಟೆ ಬದಲಿಸುವ ಕೋಣೆಗೆ ಬಂದಾಗ ಲೊರೆಟ್ಟಾ ಬರ್ನೀಸಳಿಗೆ ಕಸುಬಿನ ಗುಟ್ಟನ್ನೆಲ್ಲ ಬಿಡಿಸಿ ಹೇಳಿ ಮುಗಿಸಿದ್ದಳು. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದಳು. ಕೊನೆಗೂ ಇವಳಿಗೆ ಅರ್ಥವಾಯಿತೆಂದು ಎಲ್ಮರ್ ಮಂಜುಗಡ್ಡೆ ಪಕ್ಕಕ್ಕಿಟ್ಟು ನೆಟ್ಟಗೆ ನಿಂತ.

"ಬರೋ ಶನಿವಾರ ಕುಸ್ತೀಲಿ ನಿಮ್ಮೆದುರು ನಾನೇ ಅಂತೆ, ಗೆಲ್ಲೋದೂ ನಾನೇ ಅಂತೆ, ಅಳಿಯಂದ್ರೇ," ಎಂದಳು ಬರ್ನೀಸ್. "ನಿಮ್ಮನ್ನ ಎತ್ತಿ ಎಸೆಯೋದು ಈ ವಯಸ್ಸಲ್ಲಿ ನನ್ನ ಕೈಲಾಗಲ್ಲ. ನೀವೇ ಸ್ವಲ್ಪ ಹಾರ್ಕೊಂಡು ಹೋಗಿ ಬೀಳಿ."